ಕಾನ್ಸೆಪ್ಟ್ ಹಾಳೆ ಆಮೇಲೆ, ಮೊದಲು ಸ್ಕೆಚ್ ಬುಕ್ ನೋಡಿ

ಗೆ,
ರಾಜ್ಯದ ವಿಶ್ವವಿದ್ಯಾಲಯಗಳ ದೃಶ್ಯಕಲಾ ಅಧ್ಯಯನ ಮಂಡಳಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ಕೊನೆಯ ಡಿಸ್‌ಪ್ಲೇಗೆ, ಅಂದರೆ ಪರೀಕ್ಷೆಯ ಚಿತ್ರಪ್ರದರ್ಶನಕ್ಕೆ, ಇನ್ನೂ ಒಂದೆರಡು ತಿಂಗಳು ಇರುವಾಗ ಬಿ.ವಿ.ಎ. (ದೃಶ್ಯಕಲಾ ಪದವಿ) ಕೊನೆಯ ವರ್ಷದ ಸ್ಟುಡಿಯೋಗೆ ಒಮ್ಮೆ ಬನ್ನಿ. ಕ್ಯಾನ್ವಾಸ್‌ಗಳು ಬೆಳ್ಳಗೆ ಗೋಡೆಗೆ ಒರಗಿಕೊಂಡಿರುತ್ತವೆ. ಒಂದು ಗೀಟೂ ಬಿದ್ದಿರುವುದಿಲ್ಲ. ಆದರೆ ಎ4 ಹಾಳೆಗಳು ಮಾತ್ರ ಆಗಲೇ ತುಂಬಿರುತ್ತವೆ. ಮೇಲೆ ದಪ್ಪ ಅಕ್ಷರದಲ್ಲಿ ‘ಕಾನ್ಸೆಪ್ಟ್’, ಕೆಳಗೆ ಇಂಗ್ಲಿಷಿನಲ್ಲಿ ಹತ್ತು ಸಾಲು. ಅದಕ್ಕೆ ಗೈಡ್ ಸಹಿ ಬೀಳಬೇಕು. ಸಹಿ ಬಿದ್ದ ಮೇಲೆ ಚಿತ್ರ ಶುರು. ಹಾಳೆಯಲ್ಲಿ ಇಲ್ಲದ್ದು ಏನಾದರೂ ಕ್ಯಾನ್ವಾಸಿನ ಮೇಲೆ ಬಂದುಬಿಟ್ಟರೆ ವೈವಾದಲ್ಲಿ ಪ್ರಶ್ನೆ ಗ್ಯಾರಂಟಿ: ‘ಇದಕ್ಕೂ ನಿನ್ನ ಕಾನ್ಸೆಪ್ಟ್‌ಗೂ ಏನಮ್ಮಾ ಸಂಬಂಧ?’

ನಾನು ಜಿಲ್ಲಾ ಕೇಂದ್ರವೊಂದರ ಕಲಾ ಕಾಲೇಜಿನಲ್ಲಿ ಪೇಂಟಿಂಗ್ ಕಲಿಸುವ ಅತಿಥಿ ಉಪನ್ಯಾಸಕ. ಸಿಲಬಸ್ ಮಾಡುವವರು ನೀವು, ಪಾಠ ಮಾಡುವವರು ನಾವು. ಹಾಗಾಗಿ ಈ ಪತ್ರ ನಿಮಗೆ. ಹೇಳಬೇಕಾದ್ದು ಒಂದೇ. ವಿದ್ಯಾರ್ಥಿಗಳಿಗೆ ಐಡಿಯಾ ಹುಟ್ಟುವುದು ಕೈ ಓಡುವಾಗ. ಕಲಾವಿದರಿಂದ ಅವರು ಕಲಿಯುವುದು ಆ ಕಲಾವಿದರು ಕೆಲಸ ಮಾಡುವ ರೀತಿ ನೋಡಿದಾಗ. ನಮ್ಮ ಪರೀಕ್ಷೆ ಇವೆರಡನ್ನೂ ಲೆಕ್ಕಕ್ಕೇ ಇಟ್ಟಿಲ್ಲ. ಹಾಳೆ ಮೊದಲು, ಚಿತ್ರ ಕೊನೆಗೆ, ನಡುವೆ ನಡೆದದ್ದಕ್ಕೆ ಸೊನ್ನೆ.

ಆ ಹಾಳೆಗಳಲ್ಲಿ ಏನಿರುತ್ತದೆ ಅಂತ ನಿಮಗೂ ಗೊತ್ತು. ನಗರೀಕರಣ. ಮನುಷ್ಯ ಮತ್ತು ಪ್ರಕೃತಿ. ಸ್ತ್ರೀ ಸಂವೇದನೆ. ಬಾಲ್ಯದ ನೆನಪು. ಇವು ಕೆಟ್ಟ ವಿಷಯ ಅಂತ ನಾನು ಹೇಳುತ್ತಿಲ್ಲ. ಆದರೆ ಬೀದರ್‌ನಿಂದ ಬಂದ ಹುಡುಗನಿಗೂ ಕುಂದಾಪುರದ ಹುಡುಗಿಗೂ ಒಂದೇ ನಗರೀಕರಣ, ಅದೇ ಬೋಳು ಮರ, ಅದೇ ಕಟ್ಟಡಗಳ ಸಾಲು, ಅದೇ ಒಂಟಿ ಹಕ್ಕಿ ಬರುತ್ತದೆ ಅಂದರೆ ಎಲ್ಲೋ ಏನೋ ತಪ್ಪಿದೆ ಅಲ್ವಾ? ಮೊದಲು ಪಿಂಟರೆಸ್ಟ್‌ನಿಂದ ಬರುತ್ತಿತ್ತು. ಈಗ ಎಐಗೆ ಒಂದು ಸಾಲು ಹೇಳಿದರೆ ಸಾಕು, ಚಿತ್ರವೂ ಸಿಗುತ್ತದೆ, ಕಾನ್ಸೆಪ್ಟ್ ಹಾಳೆಯೂ ಸಿಗುತ್ತದೆ. ಮಕ್ಕಳನ್ನು ಬೈದು ಪ್ರಯೋಜನ ಇಲ್ಲ. ನಾವು ಕೇಳಿದ್ದನ್ನೇ ಅವರು ಕೊಡುತ್ತಿದ್ದಾರೆ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅಪ್ಪನದು ಹೈವೇ ಪಕ್ಕ ಪಂಚರ್ ಅಂಗಡಿ. ಅವಳ ಫೈನಲ್ ಕ್ಯಾನ್ವಾಸ್‌ನಲ್ಲಿ ಇದ್ದದ್ದು ಅದೇ ಮರ, ಮರದೊಳಗೆ ಹೆಂಗಸಿನ ಮುಖ, ಹಿಂದೆ ಬಿಲ್ಡಿಂಗು. ಎಕ್ಸ್‌ಟರ್ನಲ್, ಅಂದರೆ ಹೊರಗಿನ ಪರೀಕ್ಷಕರು ಬಂದರು, ಹಾಳೆ ಓದಿದರು, ಕ್ಯಾನ್ವಾಸ್ ನೋಡಿದರು, ‘ಕಾನ್ಸೆಪ್ಟ್ ಚೆನ್ನಾಗಿದೆ’ ಅಂದು ಮುಂದಕ್ಕೆ ಹೋದರು. ಅವಳ ಸ್ಕೆಚ್ ಬುಕ್ ಟೇಬಲ್ ಮೇಲೇ ಇತ್ತು. ಹಿಂದಿನ ಪುಟಗಳಲ್ಲಿ ಬಾಲ್ ಪೆನ್ನಿನಲ್ಲಿ ಅಂಗಡಿ ಪೂರ್ತಿ ಇತ್ತು. ಗಾಳಿ ತುಂಬಿ ಊದಿಕೊಂಡ ಟ್ಯೂಬು. ಅದನ್ನು ನೀರಿನ ತೊಟ್ಟಿಗೆ ಅದುಮಿ ಹಿಡಿದ ಕೈಗಳು. ತೂತು ಇದ್ದ ಕಡೆ ಸಾಲಾಗಿ ಏಳುವ ಗುಳ್ಳೆ. ಅರದಿಂದ ಉಜ್ಜಿ ಮಂಕಾದ ರಬ್ಬರು, ಅದರ ಮೇಲೆ ಪ್ಯಾಚು, ಪ್ಯಾಚಿನ ಮೇಲೆ ಇನ್ನೊಂದು ಪ್ಯಾಚು. ಒಂದು ಪುಟದಲ್ಲಿ ಬರೀ ಪ್ಯಾಚುಗಳೇ, ಬೇರೆ ಬೇರೆ ಆಕಾರದಲ್ಲಿ. ಇನ್ನೊಂದು ಪುಟದಲ್ಲಿ ಟ್ಯೂಬು ಹೊಟ್ಟೆಯೊಳಗಿನ ಕರುಳಿನ ಹಾಗೆ ಸುತ್ತಿಕೊಂಡಿತ್ತು. ನೀರಿನೊಳಗಿನ ಕೈ ಸ್ವಲ್ಪ ಮುರಿದಂತೆ ಕಾಣುತ್ತದಲ್ಲ, ಅದನ್ನೂ ಬಿಟ್ಟಿರಲಿಲ್ಲ.

‘ಇದನ್ನೇ ಯಾಕೆ ಮಾಡಲಿಲ್ಲಮ್ಮ?’ ಅಂತ ಕೇಳಿದೆ. ‘ಸರ್, ಅದು ಸುಮ್ನೆ ಮಾಡಿದ್ದು. ಕಾನ್ಸೆಪ್ಟ್ ಏನೂ ಇಲ್ಲ’ ಅಂದಳು.

ನಾಲ್ಕು ವರ್ಷ ಕಲಿಸಿ ಮಕ್ಕಳ ಬಾಯಲ್ಲಿ ಈ ಮಾತು ಬರಿಸಿದ್ದೇವೆ. ಆ ಪುಟಗಳಲ್ಲಿ ಐಡಿಯಾ ಆಗಲೇ ನಡೆಯಲು ಶುರು ಮಾಡಿತ್ತು. ಯಾರಾದರೂ ಕೂತು ‘ಈ ಪ್ಯಾಚ್‌ಗಳನ್ನೇ ದೊಡ್ಡದು ಮಾಡಿದರೆ? ರಬ್ಬರಿನ ಮೇಲೇ ಬರೆದರೆ? ಟ್ಯೂಬನ್ನೇ ಹೊಲಿದರೆ?’ ಅಂತ ಕೇಳಿದ್ದರೆ ಸಾಕಿತ್ತು. ಅಷ್ಟು ಹೊತ್ತು ಕೂರಲು ಸಿಲಬಸ್‌ನಲ್ಲಿ ಜಾಗ ಇಲ್ಲ. ಆ ಮಾತುಕತೆಗೆ ಅಂಕ ಇಲ್ಲ.

ಈಗ ಕಲಾವಿದರ ವಿಷಯಕ್ಕೆ ಬರುತ್ತೇನೆ. ನಮ್ಮ ಮಕ್ಕಳಿಗೆ ಕಲಾವಿದರು ಗೊತ್ತಾಗುವುದು ಕಲಾ ಇತಿಹಾಸದ ಪೇಪರಿನಲ್ಲಿ. ‘ಟಿಪ್ಪಣಿ ಬರೆಯಿರಿ: ಕೆ.ಕೆ. ಹೆಬ್ಬಾರ್.’ ಹುಟ್ಟಿದ್ದು 1911, ಉಡುಪಿ ಹತ್ತಿರದ ಕಟ್ಟಿಂಗೇರಿ, ಓದಿದ್ದು ಮುಂಬೈಯ ಜೆ.ಜೆ. ಸ್ಕೂಲ್, ಆಮೇಲೆ ಪ್ಯಾರಿಸ್, ಬಂದ ಪ್ರಶಸ್ತಿಗಳು ಇಂತಿಂಥವು. ಬರೆದರು, ಅಂಕ ಬಂತು, ಮರೆತರು. ಆದರೆ ಒಬ್ಬ ವಿದ್ಯಾರ್ಥಿಗೆ ನಿಜವಾಗಿ ಉಪಯೋಗಕ್ಕೆ ಬರುವ ವಿಷಯ ಬೇರೆ ಇದೆ. ಗೆರೆಗೆ ಲಯ ಬರಬೇಕು ಅಂತ ಹೆಬ್ಬಾರರು ಕಥಕ್ ಕಲಿಯಲು ಹೋದರು. ಆಗಲೇ ಹೆಸರು ಮಾಡಿದ್ದ ಚಿತ್ರಕಾರ, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ತಾಳ ಕಲಿತರು! ಇದನ್ನು ಹೇಳಿ, ಆಮೇಲೆ ಅವರ ಗೆರೆಚಿತ್ರಗಳನ್ನು ಮುಂದಿಟ್ಟು ನೋಡಿ. ಕ್ಲಾಸು ಎದ್ದು ಕೂರುತ್ತದೆ. ಒಂದೇ ಗೆರೆ ಕುಣಿಯುವವರ ಬೆನ್ನಾಗಿ, ತೋಳಾಗಿ, ಸೆರಗಾಗಿ ಹೋಗುವುದು ಎಲ್ಲಿಂದ ಬಂತು ಅಂತ ಅವರಿಗೇ ಹೊಳೆಯುತ್ತದೆ. ‘ಹಾಗಾದರೆ ನನ್ನ ಗೆರೆಗೆ ನಾನು ಏನು ಕಲಿಯಬೇಕು?’ ಅನ್ನುವ ಪ್ರಶ್ನೆ ಹುಟ್ಟುತ್ತದೆ. ಐದು ಅಂಕದ ಟಿಪ್ಪಣಿಯಿಂದ ಅದು ಹುಟ್ಟುವುದಿಲ್ಲ.

ಕೆ. ವೆಂಕಟಪ್ಪನವರದೂ ಇದೇ ಥರದ ದಾರಿ. ಮೈಸೂರಿನಿಂದ ಕಲ್ಕತ್ತಾಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತು ಬಂದವರು, ವೀಣೆ ಶೇಷಣ್ಣನವರ ಹತ್ತಿರ ವೀಣೆಗೂ ಕೂತರು. ಅವರ ಊಟಿಯ ಜಲವರ್ಣಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರದೇ ಹೆಸರಿನ ಗ್ಯಾಲರಿಯ ಸಂಗ್ರಹದಲ್ಲಿವೆ. ನನ್ನ ತರಗತಿಯ ಅರ್ಧಕ್ಕರ್ಧ ಮಕ್ಕಳು ಅವನ್ನು ಮೊಬೈಲಿನಲ್ಲಿ ಬಿಟ್ಟರೆ ಬೇರೆ ಕಡೆ ನೋಡಿಲ್ಲ. ಜಲವರ್ಣವನ್ನು ಮೊಬೈಲಿನಲ್ಲಿ ನೋಡಿದರೆ ಕಾಗದ ಎಲ್ಲಿ ಖಾಲಿ ಬಿಟ್ಟಿದೆ, ವಾಶ್ (ತೆಳು ಬಣ್ಣದ ಪದರ) ಮೇಲೆ ವಾಶ್ ಎಷ್ಟು ಸಲ ಬಂದಿದೆ ಅನ್ನುವುದು ಕಾಣುವುದೇ ಇಲ್ಲ. ಇನ್ನು ಸ್ಟಡಿ ಟೂರ್ ಅಂತ ಒಂದಿದೆ. ಬಸ್ಸಿನಲ್ಲಿ ಅಜಂತಾ, ಎಲ್ಲೋರಾ, ಮುಂಬೈ, ಬರುವಾಗ ಗೋವಾ. ಗೋವಾ ಯಾಕೆ ಅಂತ ನಾನು ಕೇಳುವುದನ್ನು ಬಿಟ್ಟಿದ್ದೇನೆ. ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನ ಇದೆ, ಮೇಲೆ ಹಳೆಯ ವರ್ಣಚಿತ್ರದ ತುಣುಕುಗಳು ಇನ್ನೂ ಉಳಿದಿವೆ. ಗದಗದ ಮಕ್ಕಳು ಬೆಳಿಗ್ಗೆ ಹೊರಟು ಒಂದೇ ಚಿತ್ರದ ಮುಂದೆ ದಿನವಿಡೀ ಕೂತು ಬರಬಹುದು.

ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ನಮ್ಮ ಮಕ್ಕಳು ಅತಿ ಹೆಚ್ಚು ‘ಪ್ರಭಾವ’ ಪಡೆಯುವುದು ಅವರಿಂದ, ಅತಿ ಕಡಿಮೆ ಕಲಿಯುವುದೂ ಅವರಿಂದಲೇ. ಅವರು ಸಗಣಿ ಬಳಸಿದರು, ಕುಂಕುಮ ಬಳಸಿದರು ಅಂತ ಗೊತ್ತಾದರೆ ಸಾಕು, ಮುಂದಿನ ವಾರ ನಾಲ್ಕು ಕ್ಯಾನ್ವಾಸ್ ಮೇಲೆ ಸಗಣಿ ಮೆತ್ತಿರುತ್ತದೆ. ಶೀಲಾ ಗೌಡರು ಕಲಿತದ್ದು ಪೇಂಟಿಂಗ್. ಅದೂ ಗಟ್ಟಿ ಅಭ್ಯಾಸ. 1990ರ ದಶಕದ ಮೊದಲ ವರ್ಷಗಳಲ್ಲಿ, ದೇಶದಲ್ಲಿ ಕೋಮುಗಲಭೆ ನಡೆದ ಹೊತ್ತಿನಲ್ಲಿ, ಬಣ್ಣದ ಜಾಗಕ್ಕೆ ಸಗಣಿ ಬಂತು. ಮೊದಲು ಕ್ಯಾನ್ವಾಸಿನ ಮೇಲೇ ಬಂತು, ಆಮೇಲೆ ಗೋಡೆ ಬಿಟ್ಟು ನೆಲಕ್ಕೆ ಇಳಿಯಿತು. 1998ರ ಕೆಲಸವೊಂದರಲ್ಲಿ ಉದ್ದೋ ಉದ್ದ ದಾರವನ್ನು ಸೂಜಿಯ ಕಣ್ಣಲ್ಲಿ ಪೂರ್ತಿ ಎಳೆದಿದ್ದಾರೆ. ಒಂದಲ್ಲ, ರಾಶಿ ಸೂಜಿ. ಅಷ್ಟೂ ಎಳೆಗಳನ್ನು ಕುಂಕುಮ, ಅಂಟು ಹಾಕಿ ಸೇರಿಸಿ ಕೆಂಪು ಹಗ್ಗ ಮಾಡಿದ್ದಾರೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ನೇತಾಡುತ್ತವೆ. ಅದನ್ನು ನೋಡಿದಾಗ ದಾರ ಎಳೆದ ಬೆರಳು ನೆನಪಾಗುತ್ತದೆ. ಆ ನೋವು, ಆ ಹೊತ್ತು, ಆ ಬೇಜಾರು ಎಲ್ಲ ಕೆಲಸದ ಒಳಗೇ ಇದೆ. ಯಾವ ಹಾಳೆಯಲ್ಲೂ ಮೊದಲೇ ಬರೆದಿಡಲು ಆಗದ್ದು ಅದು. ದಾರ ಎಳೆದೇ ತಿಳಿಯಬೇಕು.

2009ರಲ್ಲಿ ವೆನಿಸ್‌ನಲ್ಲಿ ತೋರಿಸಿದ ಅವರ ಇನ್ನೊಂದು ಕೆಲಸದಲ್ಲಿ ಸುಮಾರು 4 ಕಿಲೋಮೀಟರ್ ಉದ್ದದ ಕೂದಲಿನ ಹಗ್ಗ ಇದೆ, ಅದರಲ್ಲಿ ಕಾರಿನ ಬಂಪರ್‌ಗಳು ತೂಗುತ್ತವೆ. ಐಡಿಯಾ ಸಿಕ್ಕಿದ್ದು ಎಲ್ಲಿ? ಬೆಂಗಳೂರಿನ ರಸ್ತೆಯಲ್ಲಿ. ದೃಷ್ಟಿಯಾಗದಿರಲಿ ಅಂತ ಗಾಡಿಯ ಬಂಪರಿಗೆ ಕಪ್ಪು ಕೂದಲಿನ ಹಗ್ಗ ಸುತ್ತಿರುತ್ತಾರೆ. ನಾವೆಲ್ಲ ಸಿಗ್ನಲ್‌ನಲ್ಲಿ ನಿಂತು ದಿನಾ ನೋಡಿದ್ದೇ. ದೇವರಿಗೆ ಕೊಟ್ಟ ಮುಡಿಯಲ್ಲಿ ಉದ್ದ ಕೂದಲು ವಿಗ್‌ಗೆ ಹೋಗುತ್ತದೆ, ಗಿಡ್ಡ ಕೂದಲು ಹೀಗೆ ಹಗ್ಗ ಆಗುತ್ತದೆ. ಅದನ್ನು ಅವರು ನೋಡಿದರು, ವಿಚಾರಿಸಿದರು, ತಂದು ಸ್ಟುಡಿಯೋದಲ್ಲಿ ಇಟ್ಟುಕೊಂಡರು, ತೂಗಿಸಿ ನೋಡಿದರು. ನನ್ನ ಪಂಚರ್ ಅಂಗಡಿ ಹುಡುಗಿಗೆ ಹೇಳಿಕೊಡಬೇಕಾಗಿದ್ದು ಈ ಸರಣಿ. ಯಾವುದನ್ನು ಬಿಟ್ಟರು, ಮುಂದೆ ಯಾವುದನ್ನು ಹಿಡಿದರು, ಯಾಕೆ? ಸಗಣಿಯನ್ನಲ್ಲ, ಈ ಪ್ರಶ್ನೆಯನ್ನು ಸಾಲ ತರಬೇಕು.

ಶೀಲಾ ಗೌಡರು ಎಲ್ಲಿ ಕಲಿತರು ಅನ್ನುವುದನ್ನೂ ಸ್ವಲ್ಪ ಗಮನಿಸಿ. ಬೆಂಗಳೂರಿನಲ್ಲಿ ಆರ್.ಎಂ. ಹಡಪದರು ಕಟ್ಟಿದ ಕೆನ್ ಕಲಾಶಾಲೆ. ಅಲ್ಲಿಂದ ಶಾಂತಿನಿಕೇತನ. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಕೆ.ಜಿ. ಸುಬ್ರಮಣ್ಯನ್. ಈ ಸುಬ್ರಮಣ್ಯನ್ ತಾವು ವಿದ್ಯಾರ್ಥಿಯಾಗಿದ್ದಾಗ ಬಿನೋದ್ ಬಿಹಾರಿ ಮುಖರ್ಜಿಯವರ ಜೊತೆ ಗೋಡೆಯ ಮುಂದೆ ನಿಂತವರು. 1946–47ರಲ್ಲಿ ಶಾಂತಿನಿಕೇತನದ ಹಿಂದಿ ಭವನದ ಗೋಡೆಗಳ ಮೇಲೆ ಬಿನೋದ್ ಬಿಹಾರಿ ಮಧ್ಯಯುಗದ ಸಂತರ ಭಿತ್ತಿಚಿತ್ರ ಬರೆದರು. ಅವರಿಗೆ ಚಿಕ್ಕಂದಿನಿಂದಲೂ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದಕ್ಕೆ ಸರಿಯಾಗಿ ಕಾಣುತ್ತಿರಲಿಲ್ಲ. ಇಡೀ ಗೋಡೆಯ ಅಳತೆಗೆ ಮೊದಲೇ ನಕ್ಷೆ ಬರೆದುಕೊಂಡು ಅದನ್ನು ಗೋಡೆಗೆ ಇಳಿಸುವುದು ರೂಢಿ. ಅವರು ಹಾಗೆ ಮಾಡಲಿಲ್ಲ. ಹಸಿ ಗಾರೆಯ ಮೇಲೆ ನೇರವಾಗಿ ಬರೆಯುತ್ತಾ ಹೋದರು. ವಿದ್ಯಾರ್ಥಿಗಳು ಗಾರೆ, ಬಣ್ಣ ಅಂತ ಕೈಜೋಡಿಸಿದರು. ಗುರು ಎಲ್ಲಿ ತಡೆದು ನಿಲ್ಲುತ್ತಾರೆ, ಎಲ್ಲಿ ಒಂದು ಆಕೃತಿಯಿಂದ ಇನ್ನೊಂದಕ್ಕೆ ಹಾರುತ್ತಾರೆ ಅನ್ನುವುದನ್ನು ಅವರು ಪಕ್ಕದಲ್ಲೇ ನಿಂತು ನೋಡಿದರು. ಬಿನೋದ್ ಬಿಹಾರಿಯಿಂದ ಸುಬ್ರಮಣ್ಯನ್‌ಗೆ, ಸುಬ್ರಮಣ್ಯನ್‌ರಿಂದ ಭದ್ರಾವತಿಯ ಹುಡುಗಿಗೆ. ಯಾರ ಕೆಲಸವೂ ಇನ್ನೊಬ್ಬರ ಕೆಲಸದ ಹಾಗೆ ಕಾಣುವುದಿಲ್ಲ. ಹಾಗೆ ಕಾಣದೇ ಇರುವುದೇ ಚೆನ್ನಾಗಿ ಕಲಿತದ್ದಕ್ಕೆ ಸಾಕ್ಷಿ ಅಂತ ನನ್ನ ಲೆಕ್ಕ.

ಅದೇ ಶಾಂತಿನಿಕೇತನದಲ್ಲಿರುವ ರಾಮ್‌ಕಿಂಕರ್ ಬೈಜ್ ಅವರ ‘ಸಂತಾಲ ಕುಟುಂಬ’ ಶಿಲ್ಪ 1938ರದು. ಸಿಮೆಂಟು, ಜಂಬಿಟ್ಟಿಗೆ ಕಲ್ಲಿನ ಹರಳು ಸೇರಿಸಿ ಕ್ಯಾಂಪಸ್ಸಿನ ಬಯಲಲ್ಲೇ ಎಬ್ಬಿಸಿದ್ದು. ಮಕ್ಕಳು ಓಡಾಡುವ ದಾರಿಯಲ್ಲೇ ಅದು ದಿನದಿನಕ್ಕೆ ಎದ್ದು ನಿಂತಿತು. ನಮ್ಮ ಕಾಲೇಜುಗಳಲ್ಲಿ ಮೇಷ್ಟ್ರು ಚಿತ್ರ ಬರೆಯುವುದನ್ನು ವಿದ್ಯಾರ್ಥಿ ನೋಡುವುದು ಯಾವಾಗ? ಡೆಮೊ ಕ್ಲಾಸಿನಲ್ಲಿ. ಅಲ್ಲಿ ನಾವು ಮೊದಲೇ ಗೊತ್ತಿರುವ ಪೋರ್ಟ್ರೇಟನ್ನು ನಲವತ್ತು ನಿಮಿಷದಲ್ಲಿ ಮುಗಿಸಿ ಚಪ್ಪಾಳೆ ಹೊಡೆಸಿಕೊಳ್ಳುತ್ತೇವೆ. ನಮ್ಮ ನಿಜವಾದ ಕೆಲಸ, ತಿಂಗಳುಗಟ್ಟಲೆ ಸರಿಹೋಗದೆ ಕೆರೆದು ಮತ್ತೆ ಬರೆದ ಕ್ಯಾನ್ವಾಸು, ಮನೆಯ ಹಿಂದಿನ ರೂಮಿನಲ್ಲಿ ಇರುತ್ತದೆ. ಕಾಲೇಜಿನಲ್ಲಿ ನಮಗೆ ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ ಇದೆ. ಸ್ಟುಡಿಯೋ ಇಲ್ಲ.

ನಕಲಿನ ಬಗ್ಗೆ ಒಂದು ಮಾತು. ‘ಕಾಪಿ ಮಾಡಬೇಡಿ, ಒರಿಜಿನಲ್ ಆಗಿ ಯೋಚನೆ ಮಾಡಿ’ ಅಂತ ಸಿಲಬಸ್‌ನಲ್ಲೂ ಇದೆ, ನಮ್ಮ ಬಾಯಲ್ಲೂ ಇದೆ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಸ್ಕ್ರೀನ್‌ಶಾಟ್ ತೆಗೆದು ಗ್ರಿಡ್ ಹಾಕಿ ಇಳಿಸುವುದು ಒಂದು. ಕೈಯಾರೆ ನಕಲು ಮಾಡಿ ಒಳಗೆ ಹೋಗುವುದು ಇನ್ನೊಂದು. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಅರ್ನಿ ಜೊತೆ ಮಾಡಿದ ಚಿತ್ರಸರಣಿ ನೋಡಿ. ರವಿವರ್ಮನ ಬೆಳದಿಂಗಳ ಹೆಣ್ಣು, ಲಕ್ಷ್ಮಿ, ವಸಾಹತು ಕಾಲದಲ್ಲಿ ಜನರನ್ನು ಅಳತೆಪಟ್ಟಿಯ ಮುಂದೆ ನಿಲ್ಲಿಸಿ ತೆಗೆದ ಫೋಟೋ, ಎಲ್ಲವನ್ನೂ ತಾವೇ ವೇಷ ಹಾಕಿ ಮತ್ತೆ ಕಟ್ಟಿದ್ದಾರೆ. ಹಿಂದಿನ ಪರದೆ ಬರೆಸಬೇಕು, ಸೀರೆಯ ನೆರಿಗೆ ಕೂರಿಸಬೇಕು, ಬೆಳಕು ಎಲ್ಲಿಂದ ಬೀಳುತ್ತಿತ್ತು ಅಂತ ಹುಡುಕಬೇಕು, ಕತ್ತು ಎಷ್ಟು ವಾಲಿತ್ತು ಅಂತ ತಮ್ಮ ಕತ್ತಲ್ಲೇ ಅಳೆಯಬೇಕು. ಅಷ್ಟು ಮಾಡುವ ಹೊತ್ತಿಗೆ ಆ ಚಿತ್ರ ಹೆಣ್ಣನ್ನು ಹೇಗೆ ನೋಡುತ್ತಿತ್ತು ಅನ್ನುವುದು ಬಯಲಾಗುತ್ತದೆ. ನನ್ನ ತರಗತಿಯಲ್ಲಿ ಇದನ್ನು ಸಣ್ಣದಾಗಿ ಮಾಡಿಸಿದ್ದೇನೆ. ಒಂದು ಹಳೆಯ ಚಿತ್ರ ಆರಿಸಿ, ಅದೇ ಭಂಗಿಯಲ್ಲಿ ನೀವು ಕೂತು, ಗೆಳೆಯರಿಂದ ಸ್ಕೆಚ್ ಮಾಡಿಸಿಕೊಳ್ಳಿ ಅಂತ. ಹತ್ತು ನಿಮಿಷ ಆಗುವ ಹೊತ್ತಿಗೆ ‘ಸರ್, ಹೀಗೆ ಯಾರೂ ಕೂರೋಕೇ ಆಗಲ್ಲ’ ಅಂತ ಕಂಪ್ಲೇಂಟ್ ಬಂತು. ಅಲ್ಲಿಂದ ಮುಂದೆ ಒಂದು ಗಂಟೆ ನಾನು ಮಾತಾಡಬೇಕಾಗಲಿಲ್ಲ.

ಹಾಗಾಗಿ ಮಂಡಳಿಯ ಮುಂದೆ ನನ್ನ ಬೇಡಿಕೆ ಹೀಗಿದೆ. ಕೊನೆಯ ವರ್ಷದ ಪ್ರಾಕ್ಟಿಕಲ್ ಅಂಕದಲ್ಲಿ ಅರ್ಧದಷ್ಟನ್ನು ಸ್ಕೆಚ್ ಬುಕ್ಕಿಗೆ, ಕೆಟ್ಟುಹೋದ ಪ್ರಯತ್ನಗಳಿಗೆ, ನಡುವಿನ ಮಾತುಕತೆಗೆ ಇಡಿ. ಕಾನ್ಸೆಪ್ಟ್ ಹಾಳೆ ಬೇಕೇ ಬೇಕು ಅಂದರೆ ಇರಲಿ, ಆದರೆ ಕೆಲಸ ಮುಗಿದ ಮೇಲೆ ಬರೆಸಿ. ಅದನ್ನು ಕನ್ನಡದಲ್ಲಿ ಬರೆಯಬಹುದು ಅಂತ ನಿಯಮದಲ್ಲೇ ಹಾಕಿ. ಬಾಯಲ್ಲಿ ಅಚ್ಚುಕಟ್ಟಾಗಿ ಹೇಳಬಲ್ಲ ಮಕ್ಕಳು ಇಂಗ್ಲಿಷ್ ಸ್ಟೇಟ್‌ಮೆಂಟ್ ಅಂದ ಕೂಡಲೇ ನೆಟ್‌ನಿಂದ ಇಳಿಸುತ್ತಾರೆ, ಆಮೇಲೆ ವೈವಾದಲ್ಲಿ ತಮ್ಮದೇ ಹಾಳೆಯ ಪದಕ್ಕೆ ಅರ್ಥ ಗೊತ್ತಿಲ್ಲದೆ ತಲೆ ತಗ್ಗಿಸುತ್ತಾರೆ.

‘ಸ್ಕೆಚ್ ಬುಕ್ಕಿಗೆ ಅಂಕ ಕೊಟ್ಟರೆ ಅದನ್ನೂ ಹಿಂದಿನ ರಾತ್ರಿ ಕೂತು ತುಂಬುತ್ತಾರೆ’ ಅಂತ ನೀವು ಹೇಳಬಹುದು. ಹೌದು, ತುಂಬುತ್ತಾರೆ. ಈಗಲೂ ‘ಇಷ್ಟು ನೂರು ಸ್ಕೆಚ್ ಸಬ್ಮಿಷನ್’ ಅಂದಾಗ ಹಾಸ್ಟೆಲ್‌ನಲ್ಲಿ ಅದೇ ನಡೆಯುವುದು. ಟೀ ಕುಡಿಯುತ್ತಾ ಮೂವರು ಸೇರಿ ಒಬ್ಬನ ಪುಸ್ತಕ ತುಂಬಿಸುತ್ತಾರೆ. ಎಲ್ಲ ಬಸ್ ಸ್ಟ್ಯಾಂಡೂ ಒಂದೇ ಬಸ್ ಸ್ಟ್ಯಾಂಡು, ಎಲ್ಲ ಮುದುಕರೂ ಒಬ್ಬನೇ ಮುದುಕ. ಎಣಿಕೆ ಕೇಳಿದರೆ ಎಣಿಕೆಯೇ ಸಿಗುತ್ತದೆ. ಅದರ ಬದಲು ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಜೊತೆ ಹತ್ತು ನಿಮಿಷ ಪುಸ್ತಕ ಬಿಚ್ಚಿ ಕೂತು, ಪುಟದ ಮೂಲೆಗೆ ತಾರೀಖು ಹಾಕಿ, ‘ಇದರ ಮುಂದೇನು?’ ಅಂತ ಕೇಳಿದರೆ ಕಳ್ಳ ಪುಟ ಯಾವುದು ಅಂತ ಯಾವ ಮೇಷ್ಟ್ರಿಗೂ ಗೊತ್ತಾಗುತ್ತದೆ. ಅದಕ್ಕೆ ಟೈಮ್‌ಟೇಬಲ್‌ನಲ್ಲಿ ಗಂಟೆ ಕೊಡಿ. ಆ ಗಂಟೆಯನ್ನು ಅತಿಥಿ ಉಪನ್ಯಾಸಕರ ವರ್ಕ್‌ಲೋಡ್‌ಗೆ ಸೇರಿಸಿ.

ಇನ್ನೊಂದು ಬೇಡಿಕೆ, ಮೂರನೇ ವರ್ಷದಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಒಬ್ಬ ಕಲಾವಿದರ ಬೆನ್ನು ಹತ್ತುವುದಕ್ಕೆ ಬಿಡಿ. ಬದುಕಿರುವವರಾದರೆ ಒಳ್ಳೆಯದು, ಹತ್ತಿರದಲ್ಲಿ ಇರುವವರಾದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ದೊಡ್ಡ ಹೆಸರೇ ಆಗಬೇಕಿಲ್ಲ. ಕೊಪ್ಪಳದ ಕಡೆಯವರಿಗೆ ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರ ಮನೆಗಳಿವೆ. ಸಾಗರ, ಸೊರಬದಲ್ಲಿ ಗಂಧದ ಕೆತ್ತನೆಯ ಗುಡಿಗಾರರಿದ್ದಾರೆ. ಮಲೆನಾಡಿನಲ್ಲಿ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವ ಹೆಂಗಸರಿದ್ದಾರೆ. ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣು, ಸುಟ್ಟ ಅಕ್ಕಿಯ ಕಪ್ಪು. ಅಷ್ಟರಲ್ಲೇ ಗೆರೆ ಒಂದಿಷ್ಟೂ ಅಲುಗದ ಹಾಗೆ ಎಳೆಯುತ್ತಾರೆ. ಆ ಕುಂಚ ಹಿಡಿದು ಒಂದು ಗೆರೆ ಎಳೆಯಲು ಹೋದ ನನ್ನ ವಿದ್ಯಾರ್ಥಿಯೊಬ್ಬ ವಾಪಸ್ ಬಂದು ತನ್ನ ಸಿಂಥೆಟಿಕ್ ಬ್ರಶ್‌ಗಳನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದ. ಇಂಥ ಕಡೆ ಹೋಗಿ ಬಂದವರು ಕೊಡಬೇಕಾದ್ದು ಜೀವನಚರಿತ್ರೆ ಅಲ್ಲ. ಬೆಳಿಗ್ಗೆ ಮೊದಲು ಏನು ಮಾಡುತ್ತಾರೆ? ಕೈ ಕಟ್ಟಿದಾಗ ಏನು ಮಾಡುತ್ತಾರೆ? ಯಾವ ಕೆಲಸವನ್ನು ಅರ್ಧಕ್ಕೇ ಬಿಟ್ಟರು? ಈ ಮೂರಕ್ಕೆ ಉತ್ತರ, ಜೊತೆಗೆ ಅದರಿಂದ ತಾನು ಏನು ಮಾಡಿ ನೋಡಿದೆ ಅನ್ನುವುದು. ಅಷ್ಟು ಸಾಕು.

ದುಡ್ಡಿನ ಮಾತಿಲ್ಲದೆ ಇದು ನಡೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಲಾವಿದರ ಸಮಯ ಪುಕ್ಕಟೆ ಅಲ್ಲ. ಕಾಲೇಜಿಗೆ ಕರೆಸಿ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವ ಪದ್ಧತಿ ಸಾಕು. ಥಿಯರಿ ಉಪನ್ಯಾಸಕ್ಕೆ ಬಂದವರಿಗೆ ಕೊಡುವ ಸಂಭಾವನೆ, ಪ್ರಯಾಣ ಭತ್ಯೆಯನ್ನು ಕಿನ್ನಾಳದ ಚಿತ್ರಗಾರರಿಗೂ, ಚಿತ್ತಾರದ ಅಮ್ಮನಿಗೂ ಕೊಡುವ ಹಾಗೆ ನಿಯಮ ಮಾಡಿ. ಈಗ ಬಿಲ್ ಪಾಸಾಗಬೇಕಾದರೆ ಡಿಗ್ರಿ ಸರ್ಟಿಫಿಕೇಟಿನ ಜೆರಾಕ್ಸ್ ಕೇಳುತ್ತಾರೆ. ಕಾಲೇಜಿನಲ್ಲಿ ಒಂದು ಖಾಲಿ ಕೋಣೆ ಇದ್ದರೆ ಮೇಷ್ಟ್ರ ಸ್ಟುಡಿಯೋ ಅಂತ ಬಿಟ್ಟುಕೊಡಿ, ಬಾಗಿಲು ತೆರೆದಿರಬೇಕು ಅನ್ನುವ ಷರತ್ತು ಬೇಕಾದರೆ ಹಾಕಿ.

ಮುಂದಿನ ಪಠ್ಯಕ್ರಮ ಪರಿಷ್ಕರಣೆಯ ಸಭೆಗೆ ಹಿಂದಿನ ವರ್ಷದ ಫಲಿತಾಂಶದ ಪಟ್ಟಿ ತರಿಸುವಿರಿ. ಅದರ ಜೊತೆ ಪ್ರತಿ ಕಾಲೇಜಿನಿಂದ ಐದೈದು ಸ್ಕೆಚ್ ಬುಕ್ಕುಗಳನ್ನೂ ತರಿಸಿ. ರ‍್ಯಾಂಕ್ ಬಂದವರದು ಮಾತ್ರ ಬೇಡ, ಕಷ್ಟಪಟ್ಟು ಪಾಸಾದವರದೂ ಇರಲಿ. ಹಿಂದಿನ ಪುಟಗಳಿಂದ ನೋಡಲು ಶುರು ಮಾಡಿ. ನಮ್ಮ ಕಾಲೇಜಿನ ಐದನ್ನು ನಾನೇ ತಂದು ಕೊಡುತ್ತೇನೆ. ಬಸ್ ಚಾರ್ಜ್ ಕೇಳುವುದಿಲ್ಲ.

ಇಂತಿ ನಮಸ್ಕಾರಗಳೊಂದಿಗೆ,
ಪೇಂಟಿಂಗ್ ವಿಭಾಗದ ಒಬ್ಬ ಅತಿಥಿ ಉಪನ್ಯಾಸಕ